ದೇವರಿಗೆ ಬಿಟ್ಟ ಯೆಜ್ಡಿ

ದೇವರಿಗೆ ಕೋಳಿ ಬಿಟ್ಟವರನ್ನು ನಾನು ನೋಡಿದ್ದೇನೆ. ಕುರಿ ಬಿಟ್ಟವರನ್ನು ನೋಡಿದ್ದೇನೆ. ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಹೋರಿಗರು ಬಿಡುವುದಂತೂ ತಲೆತಲಾಂತರದಿಂದ ಬಂದದ್ದು. ಒಮ್ಮೆ ಬಿಟ್ಟರೆ ಅದು ದೇವರ ಎತ್ತು. ಹೆಗಲ ಮೇಲೆ ನೊಗ ಇಡುವಂತಿಲ್ಲ, ಬೆನ್ನ ಮೇಲೆ ಹೊರೆ ಹೇರುವಂತಿಲ್ಲ, ಮಾರುವಂತಿಲ್ಲ. ಎದುರಿಗೆ ಬಂದರೆ ಕೈ ಮುಗಿದು ದಾರಿ ಬಿಡಬೇಕು. ಇದೆಲ್ಲ ಸರಿ. ಆದರೆ ದೇವರಿಗೆ ಮೋಟರ್ ಸೈಕಲ್ ಬಿಟ್ಟ ಮನೆ ಇಡೀ ಭೂಲೋಕದಲ್ಲಿ ಒಂದೇ ಒಂದು. ನನ್ನ ಗ್ರಹಚಾರಕ್ಕೆ ಅದು ನನ್ನ ಎದುರು ಮನೆ.

ಎದುರು ಮನೆಯ ಗಾದ್ರಪ್ಪ ದನದ ಆಸ್ಪತ್ರೆಯಲ್ಲಿ ಲಸಿಕೆ ಹಾಕುವ ಕೆಲಸದಲ್ಲಿದ್ದ. ಸರ್ಕಾರದ ಲೆಕ್ಕದಲ್ಲಿ ಅವನು ಡಾಕ್ಟ್ರಲ್ಲ. ಹಳ್ಳಿಯವರ ಲೆಕ್ಕದಲ್ಲಿ ಡಾಕ್ಟ್ರೇ, ಯಾಕೆಂದರೆ ಅವನ ಹತ್ತಿರ ಯೆಜ್ಡಿ ಇತ್ತು. ಕೆಂಪು ಟ್ಯಾಂಕು, ಎರಡು ಸೈಲೆನ್ಸರು. ಆ ಗಾಡಿಯ ಸದ್ದು ಕೇಳಿದರೆ ಕೊಂಡ್ಲಹಳ್ಳಿಯ ದನಗಳು ಕೊಟ್ಟಿಗೆಯಲ್ಲಿ ತಾವಾಗಿಯೇ ಹಿಂದಕ್ಕೆ ಸರಿಯುತ್ತಿದ್ದವು ಎಂದು ಅವನು ಹೇಳುತ್ತಾನೆ. ನಾನು ನಂಬಿಲ್ಲ. ಆದರೆ ಮೂವತ್ತು ವರ್ಷದ ಸ್ನೇಹದಲ್ಲಿ ಎಲ್ಲವನ್ನೂ ನಂಬಬೇಕೆಂದು ಕಾನೂನೇನೂ ಇಲ್ಲ.

ಹದಿನೈದು ವರ್ಷದ ಹಿಂದೆ ಕೊಂಡ್ಲಹಳ್ಳಿಯಿಂದ ಬರುವಾಗ ತಿರುವಿನಲ್ಲಿ ಒಂದು ದೇವರ ಎತ್ತು ರಸ್ತೆಯ ನಡುವೆ ನಿಂತಿತ್ತು. ಹಾರನ್ ಹೊಡೆದರೆ ಸರಿಯುವ ಜಾತಿಯಲ್ಲ ಅದು. ಗಾದ್ರಪ್ಪನೇ ಸರಿದ. ಸರಿದವನು ನೇರ ಜಾಲಿಗಿಡದೊಳಗೆ ಹೋದ. ತಲೆಗೆ ಪೆಟ್ಟು ಬಿದ್ದು ಎರಡು ದಿನ ಕಣ್ಣು ಬಿಡಲಿಲ್ಲ. ಕಣ್ಣು ಬಿಟ್ಟವನು ಮೊದಲು ಕೇಳಿದ್ದು, "ಗಾಡಿ ಎಲ್ಲೈತೆ?" ಎಂದು. ಅವನ ತಾಯಿ ಕೆಂಚಕ್ಕ ಮಂಚದ ಪಕ್ಕದಲ್ಲೇ ಕೂತಿದ್ದಳು. "ದೇವ್ರಿಗೆ ಬಿಟ್ಟಾಯ್ತು ಕಣಪ್ಪ. ಹರಕೆ ಹೊತ್ತೀನಿ. ಇನ್ನು ಅದನ್ನ ನೀನು ಹತ್ತಂಗಿಲ್ಲ" ಎಂದಳು.

ಅಲ್ಲಿಂದ ಯೆಜ್ಡಿ ಮನೆಯ ಪಕ್ಕದ ತಗಡಿನ ಶೆಡ್ಡು ಸೇರಿತು. ಸೋಮವಾರ ಸೋಮವಾರ ಹೆಡ್‌ಲೈಟಿಗೆ ಅರಿಶಿನ ಕುಂಕುಮ, ಹ್ಯಾಂಡಲ್ಲಿಗೆ ಕಣಗಿಲೆ ಹೂವು. ಗಾದ್ರಪ್ಪ ಬಸ್ಸು ಹತ್ತಿ ಹಳ್ಳಿಗೆ ಹೋಗತೊಡಗಿದ. ಬಸ್ಸಿನಲ್ಲಿ ಬರುವ ದನದ ಡಾಕ್ಟ್ರೆಂದರೆ ದನದ ತಿಥಿಗೆ ಬರುವ ಡಾಕ್ಟ್ರು ಎಂದು ಜನ ಆಡಿಕೊಂಡರು. ಬೇರೆ ಗಾಡಿ ತಗೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ಒಂದು ಬಿಟ್ಟ ಮನೇಲಿ ಇನ್ನೊಂದು ಕಂಡ್ರೆ ದೇವ್ರು ಅದನ್ನೂ ಕೇಳ್ತಾನೆ, ಸುಮ್ಕಿರಪ್ಪ" ಎಂದು ಕೆಂಚಕ್ಕ ನನ್ನ ಬಾಯಿ ಮುಚ್ಚಿಸಿದಳು. ಮಗಳು ಕಾವ್ಯ ಗಂಡನ ಮನೆಯಿಂದ ಸ್ಕೂಟಿಯಲ್ಲಿ ಬಂದಾಗ ಒಂದು ಸಲ ಹತ್ತಿ ನೋಡಿದ. ಅದಕ್ಕೆ ಗೇರಿಲ್ಲ. ಅವನ ಪ್ರಕಾರ ಅದು ಚಕ್ರ ಇರುವ ಮಿಕ್ಸಿ.

ಅವನಿಗೆ ಆಸೆ ಇತ್ತು. ಅದನ್ನು ಸುತ್ತಿ ಬಳಸಿ ಹೇಳುವುದೇನಿದೆ? ರಿಟೈರಾದ ಮೇಲಂತೂ ಆ ಆಸೆ ಮನೆಯವರೊಬ್ಬರ ಹಾಗೆ ಅವನ ಜೊತೆ ಕಟ್ಟೆಯ ಮೇಲೆ ಬಂದು ಕೂರುತ್ತಿತ್ತು. ಮದುವೆಗೆ ಹೋದರೆ ಎಲ್ಲರೂ ಊಟದ ಕಡೆ, ಅವನೊಬ್ಬ ಗಾಡಿ ನಿಲ್ಲಿಸಿದ ಕಡೆ. ಬೀದಿಯಲ್ಲಿ ಯಾವ ಬೈಕು ಹೋದರೂ ಕಣ್ಣು ಮುಚ್ಚಿಕೊಂಡೇ "ಚೈನು ಸಡ್ಲ ಐತೆ", "ಪ್ಲಗ್ಗು ಹೋಗೈತೆ" ಎನ್ನುತ್ತಿದ್ದ. ನಿದ್ದೆಯಲ್ಲಿ ಅವನ ಬಲಗೈ ದಿಂಬಿನ ತುದಿ ಹಿಡಿದು ತಿರುಚುತ್ತದೆ, ಒಮ್ಮೊಮ್ಮೆ ಎಡಗಾಲೂ ಗೇರು ಹಾಕುತ್ತದೆ ಎಂದು ಅವನ ಹೆಂಡತಿ ಪ್ರೇಮಲತಾ ನನ್ನ ಹೆಂಡತಿಯ ಹತ್ತಿರ ಹೇಳಿ ನಕ್ಕಿದ್ದಳಂತೆ. ನಕ್ಕು ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳಂತೆ.

ಹೀಗಿರುವಾಗ ಒಂದು ನಿಶ್ಚಿತಾರ್ಥದಲ್ಲಿ ಎಡವಟ್ಟಾಯಿತು. ಪ್ರೇಮಲತಾಳ ತವರು ಮೊಳಕಾಲ್ಮುರು. ಅವಳ ಅಣ್ಣನ ಮಗ ರವಿಕಿರಣ್ ಹೊಸ ಬೈಕಿನಲ್ಲಿ ಬಂದಿದ್ದ. ಅದು ಬೈಕೋ ಟ್ರ್ಯಾಕ್ಟರೋ, ಅಷ್ಟು ದಪ್ಪ. ಗಾದ್ರಪ್ಪ ಅದರ ಸುತ್ತ ಪ್ರದಕ್ಷಿಣೆ ಹಾಕುವುದನ್ನು ನೋಡಿ ಹುಡುಗ, "ಬಾ ಮಾಮ, ಹಿಂದ್ಗಡೆ ಕೂತ್ಕೋ, ಒಂದು ರೌಂಡ್ ಹಾಕಿಸ್ತೀನಿ. ಭಯ ಆದ್ರೆ ನನ್ನ ಸೊಂಟ ಹಿಡ್ಕೋ" ಎಂದ. ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಗಾದ್ರಪ್ಪನ ಮೀಸೆ ಅಲುಗಿತು. "ಲೇ ಹುಡ್ಗಾ, ಬರೋ ಭಾನುವಾರ ನಿನ್ನ ಹೊಸಮನೆ ಗೃಹಪ್ರವೇಶ ಅಲ್ವಾ? ನನ್ನ ಯೆಜ್ಡೀಲೇ ಬರ್ತೀನಿ. ನಿಮ್ಮತ್ತೆ ಹಿಂದೆ ಕೂತಿರ್ತಾಳೆ. ಬಾಗ್ಲಾಗೆ ಆರತಿ ರೆಡಿ ಇಟ್ಕೊಂಡಿರು" ಎಂದ.

ಮಾತು ಬಾಯಿ ದಾಟಿದ ಮೇಲೆ ಅವನೇ ನನ್ನ ಮುಖ ನೋಡಿದ. ನಾನು ಕೈಲಿದ್ದ ಲೋಟದ ಪಾಯಸ ನೋಡಿದೆ. ಅಲ್ಲೇ ಚಪ್ಪರದಡಿ ಹೆಂಗಸರ ಸಾಲಿನಲ್ಲಿ ಊಟ ಮಾಡುತ್ತಿದ್ದ ಪ್ರೇಮಲತಾ ತಲೆ ಎತ್ತಲಿಲ್ಲ. ಆದರೆ ಮಾರನೆಯ ದಿನ ಅಂಗಡಿಯಲ್ಲಿ ಅವಳು ದೊಡ್ಡ ಸೇಫ್ಟಿ ಪಿನ್ನು ಕೇಳುವುದು ನನ್ನ ಕಿವಿಗೆ ಬಿತ್ತು. "ಚಿಕ್ಕದು ಬ್ಯಾಡ, ಗಾಳಿಗೆ ಸೆರಗು ನಿಲ್ಲಲ್ಲ" ಎನ್ನುತ್ತಿದ್ದಳು.

ಆ ಸಂಜೆಯೇ ಗಾದ್ರಪ್ಪ ತಾಯಿಯ ಮುಂದೆ ಕೇಸು ಹೂಡಿದ. ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಹೋಗಿದ್ದ.

"ಅವ್ವ, ದೇವ್ರ ಎತ್ತನ್ನ ಯಾರಾದ್ರೂ ಕೊಟ್ಟಿಗೇಲಿ ಕಟ್ಟಿ ಹಾಕ್ತಾರಾ?"

"ಎಲ್ಲಾದ್ರೂ ಉಂಟೇನೋ? ಪಾಪ ಬರ್ತೈತೆ. ದಿನಾ ಬಯಲಿಗೆ ಹೊಡೀಬೇಕು, ಮೇಯಿಸ್ಬೇಕು."

"ಮತ್ತೆ ಆ ಯೆಜ್ಡೀನ ಹದಿನೈದು ವರ್ಷದಿಂದ ಕಟ್ಟಿ ಹಾಕಿದ್ದೀಯಲ್ಲ!"

ಕೆಂಚಕ್ಕನ ಬಾಯಿಯ ಎಲೆಅಡಿಕೆ ಅಲ್ಲೇ ನಿಂತಿತು. ಎಂಬತ್ತೆರಡು ವರ್ಷದ ಮುದುಕಿ ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ. ಅವಳು ಸೊಸೆಯ ಮುಖ ನೋಡಿದಳು. ಸೊಸೆ ಒಲೆಯ ಕಡೆ ನೋಡಿದಳು. "ಅಯ್ಯೋ ನಮ್ಮಪ್ಪನೇ, ಹೌದಲ್ವೋ! ನೀರಿಲ್ಲ, ಮೇವಿಲ್ಲ, ಮೂಕಪ್ರಾಣಿ..." ಎಂದು ಕೆಂಚಕ್ಕ ಗಲ್ಲಗಲ್ಲ ಬಡಿದುಕೊಂಡಳು. ಮರುದಿನ ಬೆಳಗಿನ ಬಸ್ಸಿಗೆ ಕೊಂಡ್ಲಹಳ್ಳಿ ಕಡೆಯ ಚಿಕ್ಕೀರಪ್ಪನಿಗೆ ಬುಲಾವು ಹೋಯಿತು.

ಚಿಕ್ಕೀರಪ್ಪ ಕಿಲಾರಿ. ಅಂದರೆ ದೇವರ ಎತ್ತುಗಳನ್ನು ಕಾಯುವವನು. ಬರಿಗಾಲು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಿದಿರುಕೋಲು. ಬಂದವನು ಶೆಡ್ಡಿನ ಮುಂದೆ ನಿಂತು ಯೆಜ್ಡಿಯನ್ನು ಬಹಳ ಹೊತ್ತು ನೋಡಿದ. ಸೀಟಿನ ಮೇಲೆ ಕೈಯಾಡಿಸಿದ. ಬಗ್ಗಿ ಟೈರು ಮುಟ್ಟಿದ. ಟ್ಯಾಂಕಿನ ಮುಚ್ಚಳ ತೆಗೆಸಿ ಮೂಸಿದ.

"ಎಷ್ಟು ವಯಸ್ಸು?"

"ಎಂಬತ್ತೊಂಬತ್ತರ ಮಾಡೆಲ್" ಎಂದ ಗಾದ್ರಪ್ಪ.

"ಮೈಕಟ್ಟು ಚಂದ ಐತೆ. ಹೊಟ್ಟೇಲಿ ಏನೂ ಇಲ್ಲ. ಕಾಲು ಹಿಡ್ಕಂಡೈತೆ. ಕಟ್ಟಿ ಹಾಕಿ ಕೆಡಿಸೀರಿ" ಎಂದು ಚಿಕ್ಕೀರಪ್ಪ ತೀರ್ಪು ಕೊಟ್ಟ. "ದಿನಾ ಬೆಳಿಗ್ಗೆ ಹುಲ್ಲಿನ ಕಾವಲಿಗೆ ಹೊಡೀಬೇಕು. ಹೊತ್ತು ಮುಳುಗೋದ್ರೊಳಗೆ ಮನೆಗೆ ಕೂಡ್ಬೇಕು. ಇದಕ್ಕೊಬ್ಬ ಕಿಲಾರಿ ಬೇಕು."

"ನಾನಿದ್ದೀನಿ!" ಎಂದು ಗಾದ್ರಪ್ಪ ಎಷ್ಟು ಜೋರಾಗಿ ಕೂಗಿದನೆಂದರೆ ಪಕ್ಕದ ಮನೆಯ ಜಗದಾಂಬ ಒಗೆಯುತ್ತಿದ್ದ ಬಟ್ಟೆ ಬಿಟ್ಟು ಓಡಿಬಂದಳು.

"ಬರಿಗಾಲಲ್ಲಿರಬೇಕು."

"ಇರ್ತೀನಿ."

"ದೇವ್ರ ಎತ್ತಿನ ಮೇಲೆ ಕಿಲಾರಿ ಕೂರಂಗಿಲ್ಲ."

ಗಾದ್ರಪ್ಪ ದೀನನಾಗಿ, "ಕೂರದಿದ್ರೆ ಅದು ನಡೆಯಲ್ಲ ಚಿಕ್ಕೀರಣ್ಣ" ಎಂದ. ಚಿಕ್ಕೀರಪ್ಪ ಕೋಲಿಗೆ ಗದ್ದ ಊರಿ ಯೋಚಿಸಿದ. ಸುಪ್ರೀಂ ಕೋರ್ಟೂ ಅಷ್ಟು ಗಂಭೀರವಾಗಿ ಯೋಚಿಸಲಿಕ್ಕಿಲ್ಲ. ಕೊನೆಗೆ ಹೇಳಿದ: "ಹಂಗಾದ್ರೆ ನೀನು ಹಗ್ಗ ಇದ್ದಂಗೆ. ಹಗ್ಗ ಮೈಮೇಲಿದ್ರೆ ತಪ್ಪಿಲ್ಲ. ಆದ್ರೆ ನೀನೊಬ್ನೇ. ಬೇರೆ ಹೊರೆ ಹೇರಿದ್ರೆ ನಾನು ಜವಾಬ್ದಾರ ಅಲ್ಲ."

ಗಾದ್ರಪ್ಪ ಕೊನೆಯ ಮಾತು ಕೇಳಿಸಿಕೊಳ್ಳಲೇ ಇಲ್ಲ. ಅವನಾಗಲೇ ಚಪ್ಪಲಿ ಬಿಟ್ಟು ಮೆಕ್ಯಾನಿಕ್ಕಿನ ಮನೆಗೆ ಓಡುತ್ತಿದ್ದ.

ಮೆಕ್ಯಾನಿಕ್ ಎರಡು ದಿನ ಶೆಡ್ಡಿನಲ್ಲಿ ಕೂತು ಕೆಲಸ ಮಾಡಿದ. ಅವನೂ ಬೂಟು ಹೊರಗೆ ಬಿಟ್ಟೇ ಒಳಗೆ ಬರಬೇಕಾಯಿತು. ಅಷ್ಟರಲ್ಲಿ ಸುದ್ದಿ ಹಬ್ಬಿ ಬೀದಿಯವರೆಲ್ಲ ಭಕ್ತರಾದರು. ದೇವರ ಎತ್ತಿಗೆ ಮೇವು ಹರಕೆ ಕೊಡುವುದು ಪದ್ಧತಿಯಲ್ಲವೇ? ಜನ ಬಾಟಲಿಯಲ್ಲಿ ಪೆಟ್ರೋಲು ತಂದು ಶೆಡ್ಡಿನ ಮುಂದಿಟ್ಟು ಕೈ ಮುಗಿದರು. ಈ ಗಾಡಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕೆಂದು ಯಾರೋ ಜಗದಾಂಬಳ ಕಿವಿಗೆ ಹಾಕಿದರು. ಚಳ್ಳಕೆರೆಯವರಿಗೆ ಎಣ್ಣೆ ಎಂದರೆ ಒಂದೇ ಎಣ್ಣೆ. ಆಯಮ್ಮ ತಮ್ಮನ ಮಿಲ್ಲಿನಿಂದ ಒಳ್ಳೆ ಕಡ್ಲೆಕಾಯಿ ಎಣ್ಣೆ ತರಿಸಿ, ಊದಿನಕಡ್ಡಿ ಹಚ್ಚಿ, ಯಾರಿಗೂ ಹೇಳದೆ ಟ್ಯಾಂಕಿಗೆ ಸುರಿದು ನಮಸ್ಕಾರ ಹಾಕಿ ಹೋದಳು.

ಗುರುವಾರ ಬೆಳಿಗ್ಗೆ ಗಾದ್ರಪ್ಪ ಬರಿಗಾಲಲ್ಲಿ ಕಿಕ್ಕರ್ ಒದ್ದ. ಅದು ತಿರುಗಿ ಒದೆಯಿತು. "ಜೀವ ಐತೆ, ಜೀವ ಐತೆ!" ಎಂದು ಕೆಂಚಕ್ಕ ಆರತಿ ಎತ್ತಿದಳು. ಇನ್ನೊಂದು ಒದೆ. ಮತ್ತೊಂದು. ಆಮೇಲೆ ಫಟ್, ಫಟ್, ಫಟಫಟಫಟ ಎಂದು ಬೀದಿಯ ಕಿಟಕಿಗಳೆಲ್ಲ ನಡುಗಿದವು. ಬಿಳಿ ಹೊಗೆ ಎದ್ದಿತು. ಹೊಗೆಯ ಜೊತೆ ಘಮ್ಮೆಂದು ಮೆಣಸಿನಕಾಯಿ ಬಜ್ಜಿಯ ವಾಸನೆ. ನಾನು ತಿಂಡಿ ತಿಂದು ಬಂದಿದ್ದವನು, ನನಗೇ ಬಾಯಲ್ಲಿ ನೀರೂರಿತು.

ಗಾದ್ರಪ್ಪ ಅಳುತ್ತಿದ್ದ. ಹೊಗೆಗೆ ಎಂದ. ಅದೂ ನಾನು ನಂಬಿಲ್ಲ.

ನಾಯಕನಹಟ್ಟಿ ರಸ್ತೆಯಲ್ಲಿ ಅವನು ಮುಂದೆ, ನನ್ನ ಮೊಪೆಡ್ಡು ಹಿಂದೆ. ಊರು ದಾಟುವವರೆಗೆ ಹೊಸ ಮದುಮಗಳಂತೆ ಬಗ್ಗಿಕೊಂಡು ಓಡಿಸಿದ. ಊರು ದಾಟಿದ್ದೇ ಬೆನ್ನು ನೆಟ್ಟಗಾಯಿತು. ಅಂಗಿ ಗಾಳಿಗೆ ಉಬ್ಬಿತು. ಅರವತ್ತೆರಡು ವರ್ಷದ ಮನುಷ್ಯ ಒಂದು ಕೈ ಬಿಟ್ಟು ಬೇವಿನಮರದ ಎಲೆ ಕಿತ್ತ. ನಾನು ಕೂಗಿ ಬೈದೆ. ಅವನಿಗೆ ಕೇಳಿಸಲಿಲ್ಲ. ನಡುವೆ ಒಬ್ಬ ಪೊಲೀಸು ಕೈ ತೋರಿಸಿ ನಿಲ್ಲಿಸಿದ. ಬಾಲರಾಜ್ ಅಂತ, ನಮ್ಮ ಸೀಮೆಯವನೇ. ಅರಿಶಿನ ಬಳಿದ ಹೆಡ್‌ಲೈಟು, ಹ್ಯಾಂಡಲ್ಲಿನ ಗೆಜ್ಜೆ, ಬರಿಗಾಲು ನೋಡುತ್ತ ಗಾಡಿಯ ಸುತ್ತ ಒಂದು ಸುತ್ತು ಬಂದ.

"ಏನ್ರೀ ಇದು?"

"ದೇವ್ರ ಎತ್ತು ಸಾರ್. ಮೇಯಿಸೋಕೆ ಹೊಡ್ಕಂಡು ಹೊರಟೀನಿ."

ಬಾಲರಾಜ್ ಟೋಪಿ ತೆಗೆದು ಗಾಡಿಗೆ ಕೈ ಮುಗಿದ. ಟೋಪಿ ಹಾಕಿಕೊಂಡ. ಆಮೇಲೆ ಗಾದ್ರಪ್ಪನ ಕಡೆ ತಿರುಗಿ, "ಎತ್ತಿಗೆ ನಮಸ್ಕಾರ ಮಾಡಿದ್ದಾಯ್ತು. ಈಗ ಕಿಲಾರಿ ಹೆಲ್ಮೆಟ್ ಎಲ್ಲಿ?" ಎಂದ. ದಂಡ ಕಟ್ಟಿಸಿಕೊಂಡೇ ಬಿಟ್ಟ. ಹೋಗುವಾಗ, "ಯಜಮಾನ್ರೆ, ಇಲ್ಲಿ ಹತ್ರ ಎಲ್ಲಾದ್ರೂ ಬಜ್ಜಿ ಅಂಗಡಿ ಐತಾ?" ಎಂದು ಮೂಗರಳಿಸಿದ.

ವರವು ಕಾವಲಿನ ಹತ್ತಿರ ಸರ್ಕಾರದವರು ಕಟ್ಟಿದ ಗೋಡೆ ಅಡ್ಡ ಬಂತು. ಹಿಂದೆ ಅಲ್ಲಿ ಗೋಡೆ ಇರಲಿಲ್ಲ, ಕಣ್ಣು ಹಾಯುವವರೆಗೆ ಹುಲ್ಲಿತ್ತು. ಗಾದ್ರಪ್ಪ ಗಾಡಿ ನಿಲ್ಲಿಸಿ, ಹುಲ್ಲಿನಲ್ಲಿ ಕೂತು, ಗೋಡೆ ನೋಡುತ್ತ ಹೇಳಿದ: "ಲೇ ಮುರುಗ, ಮದ್ವೆ ಆದ ಹೊಸದ್ರಲ್ಲಿ ಪ್ರೇಮನ್ನ ಹಿಂದೆ ಕೂರಿಸ್ಕಂಡು ಈ ಹುಲ್ಲಿನ ನಡುವೆ ಹೋಗ್ತಿದ್ದೆ ಕಣ್ಲೇ. ಅವಳು ಹಾಡ್ತಿದ್ಲು. ಗಾಡಿ ಸದ್ದಿಗೆ ನಂಗೆ ಕೇಳಲ್ಲ ಅಂತ ಧೈರ್ಯ. ನಂಗೆ ಎಲ್ಲಾ ಕೇಳ್ತಿತ್ತು. ಗಾಡಿ ನಿಂತ ಮೇಲೆ ಅವಳು ಹಾಡಿದ್ದನ್ನೇ ನಾನು ಕೇಳಿಲ್ಲ." ಅವನ ಪಕ್ಕ ಎರಡು ಹಸು ಮೇಯುತ್ತಿದ್ದವು. ಹೆಲ್ಮೆಟ್ ತಗೋ ಎಂದೆ.

ಭಾನುವಾರ ಬಂತು. ಪ್ರೇಮಲತಾ ಮೊಳಕಾಲ್ಮುರು ರೇಷ್ಮೆ ಸೀರೆ ಉಟ್ಟು, ಸೆರಗಿಗೆ ಪಿನ್ನು ಹಾಕಿ ಹೊರಗೆ ಬಂದಳು. ತವರಿಗೆ ಹೊರಟ ಹೆಂಗಸಿನ ಮುಖದಲ್ಲಿ ವಯಸ್ಸು ಹುಡುಕಬಾರದು. ಗಾದ್ರಪ್ಪ ಸೀಟು ಒರೆಸಿದ. ಅವಳು ಇನ್ನೇನು ಕೂರಬೇಕು, "ಏಯ್, ಏಯ್, ಏನ್ ಮಾಡ್ತಿದೀರಾ!" ಎಂದು ಜಗದಾಂಬ ಕೂಗಿದಳು. ಬೀದಿ ಸೇರಿತು. ದೇವರ ಎತ್ತಿನ ಮೇಲೆ ಹೊರೆ ಹೇರುವುದೇ? ಮೊನ್ನೆ ತಾನೇ ಚಿಕ್ಕೀರಪ್ಪ ಹೇಳಿಲ್ಲವೇ? ಊರಿಗೆ ಕೇಡಾದರೆ ಯಾರು ಹೊಣೆ? ಹಿಂದಿನ ರಾತ್ರಿ ಬೋರ್‌ವೆಲ್ಲಿನ ಮೋಟರು ಸುಟ್ಟಿದ್ದಕ್ಕೂ ಇದೇ ಕಾರಣವೆಂದು ಒಬ್ಬ ಹೇಳಿದ. ಇನ್ನೂ ಹೊರೆ ಹೇರಿಯೇ ಇಲ್ಲವಲ್ಲ ಎಂದು ನಾನು ಕೇಳಿದರೆ, "ಮನಸ್ಸಿನಾಗೆ ಹೇರಿದ್ರಲ್ಲ" ಎಂದ.

ಗಾದ್ರಪ್ಪ ಕೆಂಚಕ್ಕನ ಕಡೆ ನೋಡಿದ. ಕೆಂಚಕ್ಕ ಮತ್ತೆ ಸೊಸೆಯ ಕಡೆ ನೋಡಿದಳು. ಗಾದ್ರಪ್ಪ ತಾನೇ ತೋಡಿದ ಗುಂಡಿ ಅದು. ಯಾರನ್ನು ಬೈಯಬೇಕು?

"ನೀವು ಗಾಡೀಲಿ ಬನ್ನಿ. ನಾನು ಬಸ್ಸಿಗೆ ಬರ್ತೀನಿ. ರವಿ ಹತ್ರ ಮಾತು ಕೊಟ್ಟೀರಲ್ಲ" ಎಂದು ಪ್ರೇಮಲತಾ ಚೀಲ ಎತ್ತಿಕೊಂಡಳು. ಪಿನ್ನು ತೆಗೆಯಲಿಲ್ಲ. ಗೃಹಪ್ರವೇಶಕ್ಕೆ ಉಡುಗೊರೆಯೆಂದು ನಾನು ತಂದಿದ್ದ ಸ್ಟೀಲ್ ಕೊಡ ಹಿಡಿದು ನಾನೂ ಅದೇ ಬಸ್ಸು ಹತ್ತಿ ಅವಳ ಹಿಂದಿನ ಸೀಟಿನಲ್ಲಿ ಕೂತೆ.

ಬಸ್ಸು ಚಳ್ಳಕೆರೆ ಬಿಟ್ಟಿತು. ಅವಳ ಕಿಟಕಿಯ ಪಕ್ಕಕ್ಕೆ ಯೆಜ್ಡಿ ಬಂತು. ಹೊಸ ಹೆಲ್ಮೆಟ್ಟು, ಬರಿಗಾಲು, ಗೆಜ್ಜೆಯ ಸದ್ದು. ಎದುರಿಗೆ ಲಾರಿ ಬಂದರೆ ಹಿಂದೆ ಸರಿಯುವುದು, ರಸ್ತೆ ಖಾಲಿಯಾದರೆ ಮತ್ತೆ ಕಿಟಕಿಗೆ ಹಾಜರ್.

"ಗಾಳಿ ಹೆಂಗೈತೆ?" ಎಂದು ಇವಳು ಕೂಗಿದಳು.

"ಚೆನ್ನಾಗೈತೆ! ನಿಂಗೆ?"

"ಇಲ್ಲಿ ಗಾಜು ತೆಗೆಯೋಕೆ ಬರ್ತಿಲ್ಲ, ಅರ್ಧಾನೇ ಬರ್ತೈತೆ!"

ಬಸ್ಸಿನವರೆಲ್ಲ ಆ ಕಡೆಗೆ ವಾಲಿದರು. "ಏಮಯ್ಯಾ, ಮಿರಪಕಾಯ ಬಜ್ಜಿ ವಾಸನ ವಸ್ತಾ ಉಂದಿ" ಎಂದು ಒಬ್ಬ ಮುದುಕ ತೆಲುಗಿನಲ್ಲಿ, ಮೆಣಸಿನಕಾಯಿ ಬಜ್ಜಿಯ ವಾಸನೆಗೆ ಮೂಗೆತ್ತಿದ. ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ, "ಯಜಮಾನ್ರೆ, ಮಾತಾಡೋದಿದ್ರೆ ಒಳಗೆ ಬಂದು ಟಿಕೆಟ್ ತಗೊಳ್ರಿ!" ಎಂದು ಗದರಿದ. ತಳಕಿನಲ್ಲಿ ಬಸ್ಸು ನಿಂತಾಗ ಅರ್ಧ ಬಸ್ಸು ಇಳಿದು ಬಜ್ಜಿ ಅಂಗಡಿ ಹುಡುಕಿ, ಸಿಗದೆ, ಡ್ರೈವರನ್ನು ಬೈದು ಹತ್ತಿತು.

ತಳಕು ದಾಟಿದ ಮೇಲೆ ರಸ್ತೆ ನೆಟ್ಟಗಾಯಿತು. ಎರಡೂ ಕಡೆ ಬಂಡೆಗುಡ್ಡ, ಬಿಸಿಲು. ಗಾದ್ರಪ್ಪ ಕಿಟಕಿಯನ್ನು ಮರೆತ. ಬಸ್ಸನ್ನು ಹಿಂದೆ ಹಾಕಿ ಮುಂದೆ ಹೋದ, ತನ್ನಷ್ಟಕ್ಕೆ ನಕ್ಕ, ಏನೋ ಕೂಗಿದ, ಮತ್ತೆ ನಿಧಾನ ಮಾಡಿ ಪಕ್ಕಕ್ಕೆ ಬಂದ. ಪ್ರೇಮಲತಾ ಕಿಟಕಿಯ ಸರಳು ಹಿಡಿದು ಅವನನ್ನೇ ನೋಡುತ್ತಿದ್ದಳು.

ಮೊಳಕಾಲ್ಮುರಿಗೆ ತಿರುಗುವ ಹಾನಗಲ್ ಕ್ರಾಸಿಗೆ ಸ್ವಲ್ಪ ಮೊದಲು ಅವಳು ಎದ್ದಳು. "ಕಂಡಕ್ಟರ್, ಇಲ್ಲೇ ನಿಲ್ಸಪ್ಪ."

ಅವಳು ಇಳಿದಳು. ಅವಳನ್ನು ಒಬ್ಬಳೇ ಬಿಡಬಾರದೆಂದು ನಾನೂ ಕೊಡ ಹಿಡಿದು ಇಳಿದೆ. ಗಾದ್ರಪ್ಪ ಗಾಬರಿಯಿಂದ ಗಾಡಿ ನಿಲ್ಲಿಸಿ, "ಯಾಕೆ, ವಾಂತಿ ಬಂತಾ?" ಎಂದ.

"ರೀ, ಆ ಹರಕೆ ಅತ್ತೇದಲ್ಲ. ನಂದು."

ಗಾದ್ರಪ್ಪ ಹೆಲ್ಮೆಟ್ ತೆಗೆದ.

"ಆಸ್ಪತ್ರೇಲಿ ನೀವು ಕಣ್ಣು ಬಿಡ್ಲಿಲ್ಲ. ನನ್ನ ಗಂಡನ್ನ ನಂಗೆ ವಾಪಸ್ ಕೊಡು, ಗಾಡಿ ನಿಂಗೆ ಬಿಡ್ತೀನಿ ಅಂತ ಬೇಡ್ಕಂಡೆ. ಹೆಂಡ್ತಿ ಹರಕೆ ಅಂದ್ರೆ ನೀವು ಎಲ್ಲಿ ಕೇಳ್ತೀರಾ, ಅದಕ್ಕೆ ಅತ್ತೆ ತಮ್ಮ ಮೇಲೆ ಹಾಕ್ಕಂಡ್ರು."

"ಮತ್ತೆ... ದೇವ್ರು ಕೊಟ್ಟನಲ್ಲ ಪ್ರೇಮ? ಬದುಕಿದ್ನಲ್ಲ ನಾನು?"

"ಎಲ್ಲಿ ಕೊಟ್ಟ? ಮನೆಗೆ ಬಂದಿದ್ದು ಯಾರೋ ಕಟ್ಟೆ ಮೇಲೆ ಕೂತು ಮಂದಿ ಗಾಡಿ ಸದ್ದು ಕೇಳೋ ಮುದುಕ. ಹದಿನೈದು ವರ್ಷ ಅವನಿಗೆ ಅನ್ನ ಇಕ್ಕಿದೆ. ನಾನು ಬೇಡ್ಕಂಡಿದ್ದ ಮನುಷ್ಯ ಇವತ್ತು ತಳಕು ದಾಟಿದ ಮೇಲೆ ಬಂದ. ಕಿಟಕೀಲಿ ನೋಡ್ದೆ." ಅವಳು ನೆರಿಗೆ ಎತ್ತಿ ಹಿಡಿದಳು. "ಸರೀರಿ ಮುಂದಕ್ಕೆ."

"ಹೊರೆ ಹೇರಂಗಿಲ್ಲ ಅಂದ್ರಲ್ಲ..."

"ದೇವ್ರ ಹತ್ರ ನಾನು ಮಾತಾಡ್ಕೊಂತೀನಿ. ನೀವು ಗೇರ್ ಹಾಕಿ."

ಅವಳು ಹತ್ತಿ ಕೂತಳು. ಒಂದು ಕೈ ಅವನ ಭುಜದ ಮೇಲಿಟ್ಟಳು. ಯೆಜ್ಡಿ ಹೊರಟಿತು. ನನ್ನ ಬಸ್ಸು ಯಾವಾಗಲೋ ಹೋಗಿತ್ತು. ನಡುರಸ್ತೆಯಲ್ಲಿ ಕೊಡ ಹಿಡಿದು ನಿಂತ ನನ್ನ ನೆನಪು ಇಬ್ಬರಿಗೂ ಇರಲಿಲ್ಲ, ಇರಬೇಕೆಂದು ನನಗೂ ಅನ್ನಿಸಲಿಲ್ಲ. ಕ್ರಾಸು ಅಲ್ಲಿಂದ ಕಾಣುತ್ತಿತ್ತು. ರವಿಕಿರಣನ ಹೊಸಮನೆಯಿದ್ದ ಮೊಳಕಾಲ್ಮುರಿಗೆ ಅಲ್ಲಿ ತಿರುಗಬೇಕು. ಗಾಡಿ ಕ್ರಾಸಿನಲ್ಲಿ ಒಂದು ಕ್ಷಣ ನಿಧಾನವಾಯಿತು. ಪ್ರೇಮಲತಾ ಮುಂದಕ್ಕೆ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದಳು.

ಗಾಡಿ ತಿರುಗಲಿಲ್ಲ. ಬಳ್ಳಾರಿ ರಸ್ತೆಯಲ್ಲಿ ನೆಟ್ಟಗೆ ಹೋಯಿತು.